ತುತ್ತು ನಿಲ್ಲಿಸಿದ ದಿನ

"ಗುರುಗಳೇ, ಬೆಳೆಸುವ ಅಂಶವನ್ನು ಕೊಟ್ಟಷ್ಟೂ ಕೋಶ ಬೆಳೆಯಬೇಕಲ್ಲವೆ? ಅದನ್ನು ತಗ್ಗಿಸಿದಾಗಲೇ ಅದು ಸ್ನಾಯುವಾಗುತ್ತದೆ ಎನ್ನುತ್ತೀರಿ. ಇದು ಹೇಗೆ?"

ಶರೀರಶಾಸ್ತ್ರ ಕಲಿಸುವ ಶಂಭುಲಿಂಗಯ್ಯನವರನ್ನು ಅವರ ಶಿಷ್ಯೆ ಮಂದಾಕಿನಿ ಹೀಗೆ ಕೇಳಿದಳು. ಅವಳ ಮುಂದಿನ ಗಾಜಿನ ಬಟ್ಟಲಿನಲ್ಲಿ, ಮುಂದೆ ಸ್ನಾಯುವಾಗಬೇಕಾದ ಎಳೆಯ ಜೀವಕೋಶಗಳಿದ್ದವು. ಕೋಶಕ್ಕೆ 'ಹೆಚ್ಚಾಗು' ಎಂದು ಹೇಳುವ ವೃದ್ಧಿಕಾರಕಗಳನ್ನು ಅವಳು ತಪ್ಪದೆ ಹಾಕುತ್ತ ಬಂದಿದ್ದಳು. ಕೋಶಗಳು ಒಡೆದು ಒಡೆದು ಹೆಚ್ಚಿದವು. ಬಟ್ಟಲು ತುಂಬಿತು. ಆದರೆ ಅವು ಒಂದರೊಡನೊಂದು ಕೂಡಿ ಸ್ನಾಯುವಿನ ಎಳೆಯಾಗಲಿಲ್ಲ. ಒಂದೂ ಮಿಡಿಯಲಿಲ್ಲ.

"ತಗ್ಗಿಸಲು ನನಗೆ ಕೈ ಬರುವುದಿಲ್ಲ. ಕೋಶಗಳು ಸತ್ತುಹೋದರೆ?" ಎಂದಳು.

ಗುರುಗಳು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲಿನಲ್ಲಿ ಜನರನ್ನು ದಾಟಿಸುವುದು ಅವನ ಕಸುಬು. ಒಂದು ದಿನ ಪಾಚಿಗಟ್ಟಿದ ಬಂಡೆಯ ಮೇಲೆ ಕಾಲು ಜಾರಿ ಬಿದ್ದ. ಬಲಗೈ ಮುರಿಯಿತು. ಮೂಳೆ ಕಟ್ಟುವ ಅಜ್ಜ ಬಿದಿರಿನ ದಬ್ಬೆಯಿಟ್ಟು ಕಟ್ಟು ಹಾಕಿದ.

ಅಂಬಿಗನ ಹೆಂಡತಿ ತಾನೇ ಹುಟ್ಟು ಹಿಡಿದು ಹರಿಗೋಲು ನಡೆಸಿದಳು. ಮನೆಗೆ ಬಂದು ಗಂಡನಿಗೆ ಮೀನಿನ ಸಾರು ಕಲಸಿ ಅನ್ನ ತಿನ್ನಿಸಿದಳು. ಎಡಗೈಯಲ್ಲಿ ಉಣ್ಣುವುದು ಅವನಿಗೆ ಸೇರದು. ಅವಳ ಕೈಯ ತುತ್ತಿಗೆ ಅವನು ಬಾಯಿ ತೆರೆಯುತ್ತಿದ್ದ.

ಕಾಲ ಬಂದಾಗ ಅಜ್ಜ ಕಟ್ಟು ಬಿಚ್ಚಿದ. ಮೂಳೆ ಕೂಡಿತ್ತು. ಆದರೆ ತೋಳು ಒಣಗಿದ ಕಡ್ಡಿಯಂತಿತ್ತು. ಅಂಬಿಗ ಅದನ್ನು ನೋಡಿ ಮುಖ ತಿರುಗಿಸಿದ. ಹೆಂಡತಿ ಮುಖ ತಿರುಗಿಸಲಿಲ್ಲ. ಹರಳೆಣ್ಣೆ ಬಿಸಿ ಮಾಡಿ ತಂದು ತೋಳನ್ನು ತೊಡೆಯ ಮೇಲಿಟ್ಟುಕೊಂಡು ನೀವಿದಳು. ಹಾಲು ಕೊಟ್ಟಳು, ಮೊಟ್ಟೆ ಕೊಟ್ಟಳು. ಉಣ್ಣಿಸುವುದನ್ನೂ ಬಿಡಲಿಲ್ಲ.

ನೆರೆಮನೆಯವಳು ಹೇಳಿದಳು: "ಕಟ್ಟು ಬಿಚ್ಚಿಯಾಯಿತಲ್ಲ, ಇನ್ನೂ ಏಕೆ ಉಣ್ಣಿಸುತ್ತೀ? ಬಿಟ್ಟುಬಿಡು. ತಾನೇ ಕಲಿಯುತ್ತಾನೆ."

"ಈಗ ಬಿಟ್ಟರೆ ಕಲಿಯಲು ಆ ಕೈಯಲ್ಲಿ ಏನಿದೆ, ಅಕ್ಕ?" ಎಂದಳು ಅವಳು.

ನಿಧಾನವಾಗಿ ತೋಳಿನಲ್ಲಿ ಮಾಂಸ ಕೂಡಿತು. ಬೆರಳು ಮಡಚಿದವು. ಆದರೂ ಅಂಬಿಗ ಆ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂರುತ್ತಿದ್ದ. ಹುಟ್ಟಿನ ಕಡೆ ನೋಡುತ್ತಿರಲಿಲ್ಲ. ಊಟದ ಹೊತ್ತಿಗೆ ಬಾಯಿ ತೆರೆಯುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಅವಳು ತುತ್ತು ಕೊಡುತ್ತಿದ್ದಳು. ಒಂದು ಅಗುಳು ಜಾರಿ ಅವಳ ಸೆರಗಿನ ಮೇಲೆ ಬಿತ್ತು. ಅಂಬಿಗ ಏನೋ ಮಾತಾಡುತ್ತಿದ್ದವನು, ಮಾತಿನ ನಡುವೆಯೇ ಬಲಗೈ ಚಾಚಿ ಅದನ್ನು ಹೆಕ್ಕಿ ತೆಗೆದ. ತೆಗೆದದ್ದು ಅವನಿಗೇ ಗೊತ್ತಾಗಲಿಲ್ಲ. ಅವಳು ಕಂಡಳು. ಉಳಿದ ಅನ್ನವನ್ನು ಉಣ್ಣಿಸಿ ಮುಗಿಸಿದಳು.

ಮರುದಿನ ತಟ್ಟೆಯನ್ನು ಅವನ ಮುಂದಿಟ್ಟು, ತಾನು ಹೊಸ್ತಿಲ ಬಳಿ ಹೋಗಿ ಕುಳಿತಳು.

ಅವನು ಕಾದ. ಅವಳು ಬರಲಿಲ್ಲ.

"ನಿನಗೂ ಸಾಕಾಯಿತೇನು?" ಎಂದ.

ಅವನು ತಟ್ಟೆಯನ್ನು ದೂಡಿ ಎದ್ದು ಹೋದ. ಅನ್ನ ಆರಿತು. ಅವಳೂ ಉಣ್ಣಲಿಲ್ಲ.

ಹಸಿವು ಯಾರ ಮಾತನ್ನೂ ಕೇಳುವುದಿಲ್ಲ. ಮಾರನೆಯ ದಿನ ಅವನು ತಟ್ಟೆಗೆ ಕೈ ಹಾಕಿದ. ಅನ್ನ ಬೆರಳ ಸಂದಿಯಿಂದ ಸೋರಿತು. ಬಾಯಿ ಸೇರಿದ್ದಕ್ಕಿಂತ ನೆಲಕ್ಕೆ ಬಿದ್ದದ್ದೇ ಹೆಚ್ಚು. ಅವಳಿಗೆ ಎದ್ದು ಹೋಗಿ ಆ ಕೈ ಹಿಡಿಯಬೇಕೆನಿಸಿತು. ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕುಳಿತೇ ಇದ್ದಳು. ಅವನು ಉಂಡೆದ್ದ ಮೇಲೆ ಬಿದ್ದ ಅನ್ನ ಬಳಿದು ನೆಲ ಒರೆಸಿದಳು. ಅವನು ಅವಳೊಡನೆ ಮಾತು ಬಿಟ್ಟ. ಆದರೆ ಬರಬರುತ್ತ ನೆಲಕ್ಕೆ ಬೀಳುವ ಅನ್ನ ಕಡಿಮೆಯಾಯಿತು.

ಬೇಸಿಗೆಯಲ್ಲಿ ಹೊಳೆ ತಗ್ಗಿತು. ಅಂಬಿಗ ಹೆಂಡತಿಯ ಜೊತೆ ಹರಿಗೋಲಿನಲ್ಲಿ ಸುಮ್ಮನೆ ಕೂತು ಬರತೊಡಗಿದ. ಒಂದು ಸಂಜೆ ಆಚೆ ದಡದಲ್ಲಿ ಜನರನ್ನು ಇಳಿಸಿ ಇಬ್ಬರೇ ಮರಳುತ್ತಿದ್ದರು. ನಡುನೀರಿನಲ್ಲಿ ಅವಳು ಹುಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹರಿಗೋಲು ಸುತ್ತತೊಡಗಿತು.

"ಏಕೆ ನಿಲ್ಲಿಸಿದೆ?"

"ನನ್ನ ಕೈ ಸೋತಿತು."

ಅವಳ ಕೈ ಸೋತಿರಲಿಲ್ಲ. ಅವನು ಕೈ ಚಾಚಿ ಹುಟ್ಟನ್ನು ತೆಗೆದುಕೊಂಡ. ತೋಳು ನಡುಗಿತು, ಹಲ್ಲು ಕಚ್ಚಿ ನೀರು ಎಳೆದ. ಹರಿಗೋಲು ಸೇರಬೇಕಾದ ಕಡೆಗಿಂತ ಬಹಳ ಕೆಳಗೆ, ಲಕ್ಕಿ ಗಿಡಗಳ ನಡುವೆ ದಡ ಸೇರಿತು. ಇಬ್ಬರೂ ಮೊಣಕಾಲು ನೀರಿನಲ್ಲಿ ಅದನ್ನು ಎಳೆದುಕೊಂಡು ಬಂದರು. ದಾರಿಯಲ್ಲಿ ಅವನು ನಕ್ಕ. ಅವಳೂ ನಕ್ಕಳು.

ಹೊಸ ನೀರು ಬರುವ ವೇಳೆಗೆ ಅಂಬಿಗ ಮೊದಲಿನಂತೆ ಜನರನ್ನು ದಾಟಿಸತೊಡಗಿದ.

ಒಂದು ದಿನ ಅವನು ಹೆಂಡತಿಗೆ ಹೇಳಿದ: "ನೀನು ತುತ್ತು ನಿಲ್ಲಿಸಿದ ದಿನ, ನಾನು ನಿನಗೆ ಬೇಡವಾದೆ ಅಂದುಕೊಂಡಿದ್ದೆ."

"ಉಣ್ಣಿಸುವುದು ನನಗೆ ಸುಲಭವಾಗಿತ್ತು. ಹೊಸ್ತಿಲಲ್ಲಿ ಕೂರುವುದು ಕಷ್ಟವಾಯಿತು" ಎಂದಳು.

ಗುರುಗಳು ಕತೆ ನಿಲ್ಲಿಸಿ ಬಟ್ಟಲಿನ ಕಡೆ ನೋಡಿದರು.

"ಬೆಳೆಸುವ ಅಂಶ ತುಂಬಿರುವಷ್ಟು ಕಾಲ ಕೋಶ 'ಹೆಚ್ಚಾಗು' ಎಂಬ ಒಂದೇ ಮಾತನ್ನು ಕೇಳುತ್ತಿರುತ್ತದೆ. ಅದು ತಗ್ಗಿದಾಗ ಒಡೆಯುವುದನ್ನು ಬಿಟ್ಟು ಪಕ್ಕದ ಕೋಶದೊಡನೆ ಕೂಡುತ್ತದೆ. ಕೂಡಿದ್ದು ಸ್ನಾಯುವಾಗುತ್ತದೆ. ಆದರೆ ಸಾಕಷ್ಟು ಹೆಚ್ಚುವ ಮೊದಲೇ ತಗ್ಗಿಸಿದರೆ, ಕೂಡಲು ಕೋಶಗಳೇ ಇರುವುದಿಲ್ಲ. ಕೊಟ್ಟದ್ದು ತಪ್ಪಲ್ಲ, ನಿಲ್ಲಿಸಿದ್ದೂ ತಪ್ಪಲ್ಲ."

ಮಂದಾಕಿನಿ ಕೇಳಿದಳು: "ನಿಲ್ಲಿಸುವ ದಿನ ಬಂತೆಂದು ತಿಳಿಯುವುದು ಹೇಗೆ, ಗುರುಗಳೇ?"

ಗುರುಗಳು ಎದ್ದು ಹೆಗಲಿಗೆ ಶಲ್ಯ ಹಾಕಿಕೊಂಡರು.

"ನಿನ್ನ ವಿಷಯದಲ್ಲಿ ನಾನೂ ಇಷ್ಟು ದಿನ ಆ ದಿನವನ್ನೇ ಕಾಯುತ್ತಿದ್ದೆ, ಮಗಳೇ. ಈ ಪ್ರಶ್ನೆ ಕೇಳಿದೆಯಲ್ಲ, ನಾಳೆ ಹೊಸಬರಿಗೆ ಪಾಠ ನೀನು ಹೇಳು."