ತಾಯಿಯವರ ಹೊಟ್ಟೆಕಿಚ್ಚು

ಬೆಣ್ಣಿಹಾಳ ಗುಡ್ಡದ ಬುಡದಲ್ಲಿ ಪೂಜ್ಯ ಮಹಾಂತವ್ವ ತಾಯಿಯವರು ವಾಸಿಸುತ್ತಿದ್ದುದು ಎರಡಂಕಣದ ಮಣ್ಣಿನ ಮನೆಯಲ್ಲಿ. ಅದನ್ನು ಮಠವೆಂದು ಕರೆದವರು ಭಕ್ತರು. ತಾಯಿಯವರ ಬಾಯಲ್ಲಿ ಅದು ಕಡೆಯವರೆಗೂ ‘ಬಚ್ಚಲಮನಿ’ಯಾಗಿಯೇ ಉಳಿಯಿತು. ಮೈಮೇಲೆ ಹುಣ್ಣೆದ್ದ ಕಾರಣಕ್ಕೆ ಊಟದ ಪಂಕ್ತಿಯಿಂದ ಎಬ್ಬಿಸಿಕೊಂಡವರು, ತವರಿನ ಹೊಸ್ತಿಲನ್ನೂ ದಾಟಲಾಗದವರು ಅಲ್ಲಿಗೆ ಬರುತ್ತಿದ್ದರು. ಬೇವಿನೆಲೆ ಕುದಿಸಿ ಆರಿಸಿದ ನೀರಿನಿಂದ ತಾಯಿಯವರು ಕೈಯಾರೆ ಅವರ ಹುಣ್ಣು ತೊಳೆದು, ಎಳೆಯ ಬಾಳೆಲೆ ಹಾಸಿ ಮಲಗಿಸುತ್ತಿದ್ದರು. ಮಂತ್ರವಿಲ್ಲ, ತಾಯಿತವಿಲ್ಲ. ಯಾರಾದರೂ ಪವಾಡದ ಮಾತೆತ್ತಿದರೆ, “ತೊಳಿಯೂದಷ್ಟ ನನ್ನ ಪಾಲಿಂದು” ಎಂದು ಬಾವಿಯ ಕಡೆ ನಡೆದುಬಿಡುತ್ತಿದ್ದರು.

ಅಲ್ಲಿಂದ ಎಂಟು ಮೈಲಿ ದೂರದ ಪೇಟೆಯಲ್ಲಿ ಡಾಕ್ಟರ್ ಪಂಢರಿನಾಥ ಗಲಗಲಿಯವರ ನಾಲ್ಕು ಮಂಚದ ದವಾಖಾನೆಯಿತ್ತು. ಚರ್ಮರೋಗದಲ್ಲಿ ಪುಣೆಯಲ್ಲಿ ಓದಿ ಬಂದವರು. ಚರ್ಮದ ಚೂರು ತೆಗೆದು, ತಾವೇ ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿಟ್ಟು ನೋಡುವ ವೈದ್ಯರು ಆ ಸೀಮೆಯಲ್ಲಿ ಅವರೊಬ್ಬರೇ. ಅದರ ಅಭಿಮಾನ ಅವರಿಗೆ ಸಾಕಷ್ಟಿತ್ತು. ಆದರೆ ಪೇಟೆಯ ಜನ ಅಂಗಡಿಯ ಗೋಡೆಗೆ ತೂಗುಹಾಕಿದ್ದು ತಾಯಿಯವರ ಪಟವನ್ನು. ಡಾಕ್ಟರರ ಮನೆಯ ದೇವರ ಗೂಡಿನಲ್ಲೂ ಅವರ ಹೆಂಡತಿ ಸುಶೀಲಾಬಾಯಿ ಅಂಥದೇ ಒಂದು ಪಟ ತಂದಿಟ್ಟಿದ್ದರು. ಸಂಧ್ಯಾವಂದನೆಗೆ ಕುಳಿತಾಗಲೆಲ್ಲ ಡಾಕ್ಟರರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಗಾಯತ್ರಿಯ ಎಣಿಕೆ ತಪ್ಪುತ್ತಿತ್ತು.

ಹೀಗಿರುವಾಗ ಬಾಳವ್ವ ಎಂಬ ನೇಕಾರ ಹೆಣ್ಣುಮಗಳು ಅವರ ಬಳಿಗೆ ಬಂದಳು. ಮೊದಲು ಬಾಯಲ್ಲಿ ಹುಣ್ಣಾಗಿ ಮೂರು ತಿಂಗಳು ರೊಟ್ಟಿ ಮುರಿದಿರಲಿಲ್ಲ. ಆಮೇಲೆ ಎದೆ, ಬೆನ್ನಿನ ಮೇಲೆ ನೀರುಗುಳ್ಳೆಗಳು. ಸೆರಗು ತಾಕಿದರೆ ಸಾಕು, ಒಡೆದು ಹಸಿ ಕೆಂಪು ಮಾಂಸ ಕಾಣುತ್ತಿತ್ತು. ಉಷ್ಣವೆಂದರು ಕೆಲವರು; ಸರ್ಪಸುತ್ತೆಂದು ಕೆಮ್ಮಣ್ಣು ಬಳಿದರು ಕೆಲವರು. ಡಾಕ್ಟರರು ಗುಳ್ಳೆಯ ಪಕ್ಕದ ಒಳ್ಳೆಯ ಚರ್ಮದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಓರೆಯಾಗಿ ಒತ್ತಿದರು. ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಅದು ಜಾರಿತು. ಓದುವ ಕಾಲದಲ್ಲಿ ಎರಡು ಬಾರಿಯಷ್ಟೇ ಕಂಡಿದ್ದ ರೋಗ, ಪೆಂಫಿಗಸ್.

ಹೊಸ ಗುಳ್ಳೆಯ ಅಂಚಿನಿಂದ ಚೂರು ತೆಗೆದು ನೋಡಿದರೆ ಸಂಶಯ ಉಳಿಯಲಿಲ್ಲ. ಒಂದಕ್ಕೊಂದು ಅಂಟಿಕೊಂಡಿರಬೇಕಾದ ಚರ್ಮದ ಕಣಗಳು ಕೈಬಿಟ್ಟು, ಗುಂಡಗಾಗಿ, ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದವು. ತಳದ ಒಂದು ಸಾಲು ಮಾತ್ರ ಕಿತ್ತುಬರದೆ ನಿಂತಿತ್ತು. ಆ ದಿನ ಡಾಕ್ಟರರಿಗೆ ಊಟದ ನೆನಪೇ ಆಗಲಿಲ್ಲ. ಸ್ಟಿರಾಯ್ಡ್ ಗುಳಿಗೆ ಶುರುಮಾಡಿದರು. ಮೂರು ವಾರದಲ್ಲಿ ಹೊಸ ಗುಳ್ಳೆ ನಿಂತವು. ಎರಡು ತಿಂಗಳಿಗೆ ಬೆನ್ನು ಒಣಗಿತು.

ಈ ದಿನಗಳಲ್ಲೆಲ್ಲ ಮಠದಲ್ಲೂ ಹುಣ್ಣು ತೊಳೆಸಿಕೊಳ್ಳುತ್ತಿದ್ದ ಬಾಳವ್ವ ಕಾಯಿ-ಕರ್ಪೂರ ಹಿಡಿದು ಹೋದದ್ದು ನೆಟ್ಟಗೆ ಗುಡ್ಡಕ್ಕೆ. ಮುಂದಿನ ಸಲ ತೋರಿಸಲು ಬಂದವಳು ಡಾಕ್ಟರರ ಎದುರಿಗೇ, “ತಾಯಿಯವರ ಕೈಗುಣಾರಿ” ಎಂದಳು. ಡಾಕ್ಟರರು ಚೀಟಿ ಬರೆಯುತ್ತಿದ್ದ ಲೇಖನಿಯ ಮುಳ್ಳು ಕಾಗದವನ್ನು ಹರಿಯಿತು. ಹೊತ್ತಿಕೊಂಡ ಕಿಚ್ಚು ಅಲ್ಲಿಂದ ಆರಲಿಲ್ಲ. ಓದಿದವನು ನಾನು, ಕಂಡುಹಿಡಿದವನು ನಾನು, ಕೈಮುಗಿಸಿಕೊಳ್ಳುವವಳು ನೀರು ಹೊಯ್ಯುವ ಮುದುಕಿ! ಈ ಒಂದೇ ಮಾತನ್ನು ಅವರು ಊಟದಲ್ಲೂ ಅಗಿದರು, ಹಾಸಿಗೆಯಲ್ಲೂ ಹೊರಳಾಡಿಸಿದರು.

ಕೆಲವು ವಾರಗಳ ಮೇಲೆ ಮಠದ ಬಂಡಿ ಹೊಡೆಯುವ ಮುದುಕ ಮಡಿವಾಳಪ್ಪ ದವಾಖಾನೆಗೆ ಬಂದ. “ತಾಯಿಯವರು ಕಳಿಸ್ಯಾರ, ಡಾಕ್ಟರನ್ನ ಕಾಣಬೇಕು” ಎಂದ. ಒಳಗೆ ಕುಳಿತಿದ್ದ ಡಾಕ್ಟರರಿಗೆ ಆ ದನಿ ಕೇಳಿಸಿತು. ಕಂಪೌಂಡರನನ್ನು ಕರೆದು, “ಊರಾಗಿಲ್ಲ ಅಂತ ಹೇಳು” ಎಂದರು. ಮುದುಕ ಬಹಳ ಹೊತ್ತು ಬೆಂಚಿನ ಮೇಲೆ ಕಾದು ಹೋದ.

ಮೂರನೆಯ ದಿನ ಊಟಕ್ಕೆ ಬಡಿಸುತ್ತ ಸುಶೀಲಾಬಾಯಿ, “ಬಾಳವ್ವಗ ಮತ್ತ ಭಾಳ ಆಗೇದಂತ. ಮಠದಾಗ ಮಲಗ್ಯಾಳಂತ. ಗುಳಿಗಿನೂ ಬಿಟ್ಟಾಳಂತ” ಎಂದರು.

ಆ ಕ್ಷಣ ಡಾಕ್ಟರರ ಮನಸ್ಸಿನಲ್ಲಿ ಮೊದಲು ಎದ್ದದ್ದು ಕಳವಳವಲ್ಲ, ಸಂತೋಷ. ಗುಳಿಗೆ ಬಿಡಿಸಿದವರು ಯಾರೆಂದು ಕೇಳಬೇಕಾದ ಅಗತ್ಯವೇ ಅವರಿಗೆ ಕಾಣಲಿಲ್ಲ. ಕೈ ತೊಳೆದು ಜೀಪು ಹತ್ತಿದರು. ನಾಲ್ಕು ಜನರೆದುರು ಆಡಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡರು.

ಅಂಗಳದಲ್ಲಿ ಹತ್ತಾರು ಭಕ್ತರಿದ್ದರು. ಒಳಗೆ ತಾಯಿಯವರು ಮೊಣಕಾಲೂರಿ, ಎರಡೂ ಕೈಗಳನ್ನು ಬಾಳವ್ವನ ಕೆಳಗೆ ತೂರಿಸಿ, ಹಳೆಯ ಎಲೆಯಿಂದ ಹೊಸ ಎಲೆಗೆ ಅವಳನ್ನು ಸರಿಸುತ್ತಿದ್ದರು. ಬೆನ್ನಿನಲ್ಲಿ ಅಂಗೈಯಗಲ ಚರ್ಮವೂ ಉಳಿದಿರಲಿಲ್ಲ.

“ಗುಳಿಗಿ ಬಿಡಿಸಿದವರು ಯಾರು?” ಡಾಕ್ಟರರು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದರು.

ಬಾಳವ್ವನೇ ತುಟಿ ಅಲುಗಿಸಿದಳು. “ನಾನs ಬಿಟ್ಟೆನ್ರಿ. ಗುಳಿಗಿ ತಗೊಂಡು ಮಾರಿ ಹಂಡೆ ಆದಂಗ ಬಾತಿತ್ತು. ಓಣ್ಯಾಗ ನಗತಿದ್ರು. ಹೆಂಗೂ ಗುಣಾ ಆತಲ್ಲ ಅಂತ... ತಾಯಿಯವರಿಗೂ ಹೇಳಿರಲಿಲ್ಲರಿ.”

ತಾಯಿಯವರು ಎಲೆಯ ಅಂಚು ಸರಿಮಾಡಿ ತಲೆಯೆತ್ತಿದರು. “ಈಕಿ ಬಂದ ದಿನಾನ ಮಡಿವಾಳಪ್ಪನ್ನ ನಿಮ್ಮ ಕಡೆ ಕಳಿಸಿದ್ದೆ. ನೀವು ಇರಲಿಲ್ಲಂತ. ಈಗ ಏನ್ ಮಾಡೂನು, ಹೇಳ್ರಿ.”

ಬಾಗಿಲಲ್ಲಿ ನಿಂತಿದ್ದ ಮಡಿವಾಳಪ್ಪ ನೆಲ ನೋಡಿದ. ಡಾಕ್ಟರರು ಜೋಡಿಸಿಕೊಂಡು ಬಂದ ಮಾತುಗಳನ್ನು ಬಿಟ್ಟು ಬಾಳವ್ವನ ಬಳಿ ಹೋದರು. ನಾಡಿ ಹಿಡಿದು ನೋಡಿದರು, ದಾರದಂತೆ ಓಡುತ್ತಿತ್ತು. “ದವಾಖಾನಿಗೆ ಒಯ್ಯಬೇಕು. ಈಗಿಂದೀಗ” ಎಂದರು.

ಬಾಳವ್ವ ಒಲ್ಲೆನೆಂದಳು. ತಾಯಿಯವರ ಕೈಯಲ್ಲೇ ಸಾಯುತ್ತೇನೆಂದು ಹಟ ಹಿಡಿದಳು. ತಾಯಿಯವರು ಅವಳ ಕಿವಿಯ ಹತ್ತಿರ ಬಾಗಿ, “ಇವರ ಮಾತು ನನ್ನ ಮಾತು, ಯವ್ವಾ. ಆ ಗುಳಿಗಿ ಬಿಟ್ಟಿ ಅಂದ್ರ ನನ್ನ ಪ್ರಸಾದ ಬಿಟ್ಟಂಗ” ಎಂದರು. ಇಪ್ಪತ್ತು ವರ್ಷ ಬೆಣ್ಣಿಹಾಳದ ಸೀಮೆ ದಾಟದಿದ್ದ ಆ ಮಹಾತಾಯಿ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು, ಬಾಳವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

ನಾಲ್ಕು ದಿನ ಜೀವ ಅತ್ತಿತ್ತ ತೂಗಾಡಿತು. ಡಾಕ್ಟರರು ಸೂಜಿ, ಸಲೈನು, ಗುಳಿಗೆಗಳನ್ನು ನೋಡಿಕೊಂಡರು. ತಾಯಿಯವರು ಹುಣ್ಣು ತೊಳೆದು ಎಲೆ ಬದಲಿಸಿದರು. ಮಂಚದ ಕೆಳಗಿನ ನೆಲವೇ ಅವರಿಗೆ ಹಾಸಿಗೆಯಾಯಿತು. ಸುದ್ದಿ ತಿಳಿದು ಪೇಟೆಯ ಜನ ದವಾಖಾನೆಯನ್ನು ಮುತ್ತಿದರು. ಡಾಕ್ಟರರ ಮೇಜಿನ ಪಕ್ಕದಿಂದಲೇ ಹಾದುಹೋಗಿ ತಾಯಿಯವರ ಪಾದಕ್ಕೆರಗಿದರು. ಡಾಕ್ಟರರ ಹೊಟ್ಟೆಯೊಳಗಿನ ಕಿಚ್ಚು ಆಗಲೂ ಆರಿರಲಿಲ್ಲವೆಂಬುದನ್ನು ಅವರೇ ಮುಂದೆ ಎಷ್ಟೋ ಜನರ ಬಳಿ ಹೇಳಿಕೊಂಡಿದ್ದಾರೆ. ಮೂರು ದಿನ ತಡಮಾಡಿದ ಪಾಪದ ಅಂಜಿಕೆ ಒಂದು ಕಡೆ, ಆ ಕಾಲಿಗೆರಗುವ ಸಾಲನ್ನು ಕಂಡಾಗಿನ ಉರಿ ಇನ್ನೊಂದು ಕಡೆ.

ಏಳನೆಯ ದಿನ ಬೆಳಿಗ್ಗೆ ಹೊಸ ಗುಳ್ಳೆ ಒಂದೂ ಇರಲಿಲ್ಲ. ಬಾಳವ್ವ ಎರಡು ಚಮಚ ಗಂಜಿ ನುಂಗಿದಳು. ಡಾಕ್ಟರರಿಗೆ ಇನ್ನು ತಡೆಯಲಾಗಲಿಲ್ಲ.

“ತಾಯಿ, ಅವತ್ತು ಮಡಿವಾಳಪ್ಪ ಬಂದಾಗ ನಾ ಒಳಗs ಇದ್ದೆ.”

“ಗೊತ್ತೈತಿ. ನಿಮ್ಮ ಜೋಡು ಬಾಗಲದಾಗ ಇದ್ದುವಂತ.”

“ಅಷ್ಟ ಅಲ್ಲ. ಈಕಿಗೆ ಭಾಳ ಆಗೇದ ಅಂತ ಕೇಳಿ ನನಗ ಖುಷಿ ಆತು. ನಿಮ್ಮ ಹೆಸರು ಹಾಳಾಗ್ತದ ಅಂತ. ಇಷ್ಟು ಹೊಟ್ಟಿಕಿಚ್ಚು ನಿಮ್ಮ ಮ್ಯಾಲೆ.”

ತಾಯಿಯವರು ಹಿಂಡುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. ಗದರುವರೋ, ಕ್ಷಮಿಸುವರೋ ಎಂದು ಡಾಕ್ಟರರು ಕಾದರು.

“ನನಗೂ ಇತ್ತರಿ,” ಎಂದರು ತಾಯಿಯವರು. “ನಿಮ್ಮ ಮ್ಯಾಲೆ.”

ಡಾಕ್ಟರರು ಬೆಚ್ಚಿ ನೋಡಿದರು.

“ಮೂವತ್ತು ವರ್ಸ ಆತು ತೊಳಿಯಾಕ ಹತ್ತಿ. ಎಷ್ಟ ಮಂದಿ ಈ ಕೈಯಾಗ ಹೋದ್ರು. ಒಳಗ ಏನಾಗೈತಿ ಅಂತ ಒಂದಿನಾನೂ ತಿಳೀಲಿಲ್ಲ. ಪ್ಯಾಟ್ಯಾಗ ಒಬ್ಬರಿಗೆ ಅದು ಕಣ್ಣಿಗೆ ಕಾಣ್ತೈತಿ ಅಂತ ಕೇಳಿದಾಗ, ಶಿವನ ಜೋಡಿ ಜಗಳಾಡೀನಿ. ಅವರಿಗೆ ಕೊಟ್ಟಿ, ನನಗ್ಯಾಕ ಕೊಡಲಿಲ್ಲ ಅಂತ.” ಆಮೇಲೆ ಸಂಕೋಚದಿಂದ, “ನನಗೊಮ್ಮೆ ತೋರಸ್ತೀರೇನು?” ಎಂದು ಕೇಳಿದರು.

ಡಾಕ್ಟರರು ಬಾಳವ್ವನ ಚರ್ಮದ ಗಾಜನ್ನು ಸೂಕ್ಷ್ಮದರ್ಶಕಕ್ಕೆ ಏರಿಸಿ, ತಮ್ಮ ಕುರ್ಚಿಯಲ್ಲಿ ತಾಯಿಯವರನ್ನು ಕೂರಿಸಿದರು. ಒಂದು ಕಣ್ಣು ಮುಚ್ಚುವುದು ಅವರಿಗೆ ಬರಲಿಲ್ಲ, ಅಂಗೈಯಿಂದ ಮುಚ್ಚಿಕೊಂಡರು. ಕೈಬಿಟ್ಟು ತೇಲುವ ಕಣಗಳನ್ನು, ಬಿಡದೆ ನಿಂತ ತಳದ ಸಾಲನ್ನು ಡಾಕ್ಟರರು ವಿವರಿಸಿದರು.

“ಇವು ನಿಂತಾವಲ್ಲ, ಇವುರಿಂದನs ಹೊಸಾ ಚರ್ಮ ಬರೂದೇನು?”

“ಹೌದು ತಾಯಿ, ಇವುರಿಂದನ.”

ತಾಯಿಯವರು ಬಹಳ ಹೊತ್ತು ನೋಡಿದರು. ಕಣ್ಣು ತೆಗೆದಾಗ ಕೆನ್ನೆ ಒದ್ದೆಯಾಗಿತ್ತು. ಆ ಪುಟ್ಟ ಗಾಜಿನ ತುಣುಕಿಗೆ, ಬಾಣಂತಿ ಮಗುವಿಗೆ ಮಾಡುವಂತೆ, ಕೈಯಿಂದ ನೀವಾಳಿಸಿದರು. ಆಮೇಲೆ ಎದ್ದು, ಬೇವಿನ ನೀರಿನ ತಂಬಿಗೆಯನ್ನು ತಂದು ಡಾಕ್ಟರರ ಕೈಯಲ್ಲಿಟ್ಟರು.

“ನಿಮ್ಮ ಕೆಲಸ ನಾ ನೋಡಿದೆ. ನಂದು ನೀವು ಮಾಡ್ರಿ.”

ಪಂಢರಿನಾಥರು ಅದುವರೆಗೆ ರೋಗಿಯನ್ನು ಎರಡು ಬೆರಳಿನಿಂದ ಮಾತ್ರ ಮುಟ್ಟಿದವರು. ಕೈ ತೊಳೆದು ಬಂದು, ತೋಳು ಮಡಿಚಿ, ಬಾಳವ್ವನ ಮಂಚದ ಪಕ್ಕ ಮೊಣಕಾಲೂರಿದರು. ಮೊದಲ ಧಾರೆ ಜೋರಾಗಿ ಬಿತ್ತು. “ಮೆತ್ತಗ್ರೀ, ಡಾಕ್ಟರ” ಎಂದು ನರಳಿದಳು ಬಾಳವ್ವ. ತಾಯಿಯವರು ಅವರ ಮಣಿಕಟ್ಟು ಹಿಡಿದು, ತಂಬಿಗೆ ಎಷ್ಟು ಬಾಗಿಸಬೇಕೆಂದು ತೋರಿಸಿಕೊಟ್ಟರು. ಹೊರಗೆ ದರ್ಶನಕ್ಕೆ ನಿಂತವರು ಇಣುಕಿ, ಡಾಕ್ಟರರ ಕಣ್ಣೀರು ಅದೇ ನೀರಿನಲ್ಲಿ ಬೀಳುತ್ತಿದ್ದುದನ್ನು ಕಂಡು ಹಿಂದೆ ಸರಿದರು.

ಮುಂದೆ ಪ್ರತಿ ಗುರುವಾರ ಡಾಕ್ಟರ್ ಗಲಗಲಿಯವರು ಗುಡ್ಡಕ್ಕೆ ಹೋಗಿ, ತಾಯಿಯವರ ಪಕ್ಕದಲ್ಲಿ ಕುಳಿತು ಹುಣ್ಣು ತೊಳೆಯುತ್ತಿದ್ದರು. ಪೂಜ್ಯ ತಾಯಿಯವರು ಶಿವನಲ್ಲಿ ಐಕ್ಯರಾದ ಮೇಲೂ ಹನ್ನೊಂದು ವರ್ಷ ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಡಾಕ್ಟರರು ತೊಳೆದರೆ ನೋವೇ ತಿಳಿಯುವುದಿಲ್ಲವೆಂದು ರೋಗಿಗಳು ಹೇಳುತ್ತಿದ್ದರು.