ಮಠದ ಕಾರಿನ ಬುಷ್ಷು

ಕಪಿಲೆಯ ದಂಡೆ ಮೇಲೆ ಒಂದು ಸಣ್ಣ ಮಠ. ಮಠಕ್ಕೆ ಒಂದು ಹಳೇ ಬಿಳಿ ಕಾರು. ಕಾರು ಕಣ್ಣಿಗೆ ಬೀಳೋ ಮೊದಲೇ ಅದರ ಸದ್ದು ಕಿವಿಗೆ ಬೀಳುತ್ತಿತ್ತು. ಹಳ್ಳ ಬಂದರೆ ‘ದಡಕ್’, ತಿರುವು ಬಂದರೆ ‘ಕಿರ್ರ್’. ಹಿಂದಿನ ಸೀಟಿನಲ್ಲಿ ದೊಡ್ಡ ಬುದ್ಧಿಯವರು ಮಾತ್ರ ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತಿರುತ್ತಿದ್ದರು.

ದೊಡ್ಡ ಬುದ್ಧಿ ಅಂದರೆ ಆ ಮಠದ ಸ್ವಾಮಿಗಳು. ಎಂಬತ್ತರ ಹತ್ತಿರದ ವಯಸ್ಸು. ಕಡ್ಡಿಯಂಥ ಮೈ, ಮಾತೂ ಅಷ್ಟೇ ಕಮ್ಮಿ.

ಅವರ ಹತ್ತಿರಕ್ಕೆ ಯುಗಾದಿ ಹೊತ್ತಿನಲ್ಲಿ ಶಿವಮಲ್ಲು ಬಂದ. ಮೈಸೂರಿನಲ್ಲಿ ಅಣ್ಣನ ಜೊತೆ ಗ್ಯಾರೇಜು ನಡೆಸುತ್ತಿದ್ದವನು. ಒಂದು ದಿನ ಗಾಡಿ ಎತ್ತೋಕೆ ಇವನು ಕೊಟ್ಟ ಜಾಕ್ ಜಾರಿತು. ಗಾಡಿ ಅಡಿಗೆ ಕೈ ಹಾಕಿದ್ದ ಅಣ್ಣನ ಬಲಗೈಯ ಎರಡು ಬೆರಳು ಹೋದವು. ಅಣ್ಣ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಇವನು ಊರೇ ಬಿಟ್ಟಿದ್ದ. ಪಾಪ, ಯಾವ ಮುಖ ಇಟ್ಟುಕೊಂಡು ಎದುರಿಗೆ ನಿಲ್ಲೋದು!

ಇದನ್ನೆಲ್ಲ ಹೇಳಿಕೊಂಡು ಅತ್ತು, ಬುದ್ಧಿಯವರ ಪಾದಕ್ಕೆ ಬಿದ್ದ.

“ಎಲ್ಲಾ ಬಿಟ್ಟು ಬಂದಿದ್ದೀನಿ ಬುದ್ಧಿ. ನನಗೆ ದೀಕ್ಷೆ ಕೊಡಿ.”

ಬುದ್ಧಿಯವರು ಕಾರಿನ ಕಡೆ ಕೈ ತೋರಿದರು.

“ಅದರ ಸದ್ದು ನಿಲ್ಲಿಸಪ್ಪ. ನಿಂತದ್ದು ನಿಂತೇ ಇದ್ದರೆ, ಕಾರ್ತಿಕದಲ್ಲಿ ದೀಕ್ಷೆ.”

ಇಷ್ಟೇ ತಾನೆ! ಶಿವಮಲ್ಲುಗೆ ಅದು ಎಡಗೈ ಕೆಲಸ. ಗಾಡಿ ಎತ್ತಿ, ಚಕ್ರ ಬಿಚ್ಚಿ ನೋಡಿದ. ಚಕ್ರ ಹಿಡಿಯೋ ಕಬ್ಬಿಣದ ತೋಳು ಗಾಡಿ ಮೈಗೆ ಕೂಡೋ ಜಾಗದಲ್ಲಿ ರಬ್ಬರಿನ ಬುಷ್ಷು ಇರುತ್ತದೆ. ಅವೆಲ್ಲ ಸವೆದು ಹೋಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಪೇಟೆಯಿಂದ ಹೊಸವು ತಂದು ಹಾಕಿದ. ಸದ್ದು ನಿಂತೇ ಹೋಯಿತು. ಊರಿನವರು, “ಕಾರು ಬಂದದ್ದೇ ಗೊತ್ತಾಗಲಿಲ್ಲವಲ್ಲ ಬುದ್ಧಿ!” ಅಂತ ಬೆರಗಾದರು.

ದೀಪಾವಳಿ ಕಳೆಯಿತು. ಕಾರ್ತಿಕದ ಮೊದಲ ಸೋಮವಾರ ದೀಕ್ಷೆ ಅಂತ ನಿಕ್ಕಿಯಾಯಿತು. ಶಿವಮಲ್ಲು ಕಾವಿ ಬಟ್ಟೆಯನ್ನು ತಾನೇ ಒಗೆದು ಮಡಿಚಿಟ್ಟ.

ಅದಕ್ಕೆ ಹಿಂದಿನ ಗುರುವಾರ ಕಾರು ಹಳ್ಳಕ್ಕಿಳಿಯಿತು. ದಡಕ್!

ಶಿವಮಲ್ಲು ಮಠಕ್ಕೆ ಬಂದವನೇ ಬಿಚ್ಚಿ ನೋಡಿದ. ಹೊಸ ಬುಷ್ಷಿನ ರಬ್ಬರು ಸುತ್ತಲೂ ಹರಿದಿತ್ತು.

ಬುದ್ಧಿಯವರು ಅದನ್ನು ಅಂಗೈ ಮೇಲೆ ಇಟ್ಟುಕೊಂಡರು.

“ಹಳೇದು ಎಷ್ಟು ವರ್ಷ ಬಾಳಿತ್ತು?”

“ಇಪ್ಪತ್ತು ವರ್ಷ ಬುದ್ಧಿ.”

“ಇದು?”

“ಏಳು ತಿಂಗಳು.”

“ಮಾಲು ಕೆಟ್ಟದ್ದೇನೋ.”

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳಿಗೆ ಶಿವಮಲ್ಲುವಿನ ನಾಲಿಗೆ ಹೊರಳಲಿಲ್ಲ.

“ಮಾಲು ಚೆನ್ನಾಗಿತ್ತು ಬುದ್ಧಿ. ಬಿಗಿದದ್ದು ನಾನು. ಗಾಡಿ ಎತ್ತಿ ನಿಲ್ಲಿಸಿದಾಗ ಚಕ್ರದ ತೋಳು ಕೆಳಕ್ಕೆ ಜೋತು ಬಿದ್ದಿರ್ತದೆ. ಆಗ ಬಿಗಿದರೆ ರಬ್ಬರು ಹಂಗೇ ಕೂತುಬಿಡ್ತದೆ. ಇಳಿಸಿದ ಮೇಲೆ ಭಾರ ಬಿದ್ದು ತಿರುಚಿಕೊಳ್ತದೆ. ಗಾಡಿ ಸುಮ್ಮನೆ ನಿಂತಿದ್ದರೂ ಅದಕ್ಕೆ ಬಿಡುವಿಲ್ಲ. ಹರೀದೆ ಇನ್ನೇನು? ಚಕ್ರ ನೆಲಕ್ಕೂರಿ, ಭಾರ ಬಿದ್ದ ಮೇಲೆ ಬಿಗೀಬೇಕು.”

“ಗೊತ್ತಿತ್ತೇನಪ್ಪ?”

“ಗೊತ್ತಿತ್ತು.”

“ಮತ್ತೆ?”

ಶಿವಮಲ್ಲು ತಲೆ ತಗ್ಗಿಸಿದ. “ಹಂಗೆ ಬಿಗಿಯೋಕೆ ಗಾಡಿ ಅಡಿಗೆ ಹೋಗಿ ಮಲಗಬೇಕು ಬುದ್ಧಿ. ಅವತ್ತಿನಿಂದ ನನ್ನ ಕೈಲಿ ಆಗ್ತಿಲ್ಲ.”

ಬೈಗುಳ ಬರುತ್ತದೆ ಅಂತ ಕಾದ. ಬರಲಿಲ್ಲ.

“ಈ ಸಲ ಬುಷ್ಷು ನಾನೇ ತರಿಸ್ತೀನಿ,” ಅಂದು ಬುದ್ಧಿಯವರು ಎದ್ದು ಪೂಜೆಗೆ ಹೋದರು.

ಶನಿವಾರ ಮೈಸೂರು ಬಸ್ಸಿನ ಕಂಡಕ್ಟರು ಒಂದು ಪೊಟ್ಟಣ ತಂದುಕೊಟ್ಟ. ಪೇಪರಿನಲ್ಲಿ ಸುತ್ತಿ ಹುರಿಯಲ್ಲಿ ಕಟ್ಟಿದ್ದರು. ಗಂಟು ಸಡಿಲವಾಗಿ ಒಂದು ಕಡೆಗೆ ವಾಲಿತ್ತು.

“ಅಯ್ಯೋ ಶಿವನೆ, ಯಾವನಪ್ಪ ಇದನ್ನ ಕಟ್ಟಿದೋನು? ಮಗು ಕಟ್ಟಿದ ಹಂಗಿದೆ!” ಅಂತ ಶಿವಮಲ್ಲು ನಕ್ಕ. ಹರಿಯೋಕೆ ಹೋದ.

“ಹರೀಬೇಡ,” ಅಂದರು ಬುದ್ಧಿಯವರು. ತಾವೇ ಮೆಲ್ಲಗೆ ಬಿಚ್ಚಿದರು. ಹುರಿಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಭಾನುವಾರ ಬೆಳಗ್ಗೆ ಶಿವಮಲ್ಲು ಕೆಲಸಕ್ಕೆ ಕೂತ. ಹರಿದ ಬುಷ್ಷು ಬಡಿದು ತೆಗೆದ. ಹೊಸದಕ್ಕೆ ಸೋಪಿನ ನೀರು ಸವರಿ ತೂರಿಸಿದ. ನಟ್ಟುಗಳನ್ನು ಕೈಯಲ್ಲಿ ಸಿಕ್ಕಿಸಿ ಹಾಗೇ ಬಿಟ್ಟ. ಮಠದಲ್ಲಿದ್ದ ಚಪ್ಪಡಿ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ನಾಲ್ಕು ಚಕ್ರವನ್ನೂ ಅವುಗಳ ಮೇಲೆ ಇಳಿಸಿದ. ಪ್ರತಿ ಕಲ್ಲನ್ನೂ ಒದ್ದು ನೋಡಿದ, ಮತ್ತೆ ಒದ್ದು ನೋಡಿದ.

ಇನ್ನು ಅಡಿಗೆ ಹೋಗಿ ಬಿಗಿಯೋದೊಂದೇ ಬಾಕಿ. ಸ್ಪ್ಯಾನರ್ ಹಿಡಿದು ಬಗ್ಗಿದ. ಎದ್ದು ನಿಂತ. ಮತ್ತೆ ಬಗ್ಗಿದ. ಆಗಲೇ ಇಲ್ಲ.

ಬುದ್ಧಿಯವರು ನೋಡುತ್ತಿದ್ದರು. ಒಂದು ಗೋಣಿಚೀಲ ತಂದು ಹಾಸಿದರು. ಅಂಗಾತ ಮಲಗಿ ಕಾರಿನ ಅಡಿಗೆ ಸರಿದರು. ಹೊರಗೆ ಕಾಣುತ್ತಿದ್ದದ್ದು ಅವರ ಪಾದ ಎರಡೇ.

“ಅಯ್ಯಯ್ಯೋ, ಬೇಡಿ ಬುದ್ಧಿ! ಬನ್ನಿ ಆಚೆಗೆ!”

“ಇಲ್ಲಿ ತಂಪಾಗಿದೆ ಬಾರಪ್ಪ.”

“ಜಾರಿದರೆ ಏನ್ ಗತಿ ಬುದ್ಧಿ?”

“ಕಲ್ಲು ಇಟ್ಟದ್ದು ಯಾರು?”

“ನಾನು.”

“ನೀನು ಅಂತಲೇ ಬಂದು ಮಲಗಿದ್ದೀನಿ.”

ಶಿವಮಲ್ಲುವಿನ ಕಣ್ಣು ಮಂಜಾಯಿತು. ಹೇಗೆ ಬಗ್ಗಿದನೋ, ಹೇಗೆ ಸರಿದನೋ, ಅವನಿಗೇ ತಿಳಿಯದು. ಗುರುವಿನ ಪಕ್ಕದಲ್ಲಿ ಮಲಗಿದ್ದ. ಮುಖದಿಂದ ಒಂದು ಗೇಣು ಮೇಲೆ ಇಡೀ ಗಾಡಿ.

ಬುದ್ಧಿಯವರು ಬೆರಳು ಚಾಚಿದರು. “ಇದೇನಾ ಬುಷ್ಷು?”

“ಹೂಂ ಬುದ್ಧಿ. ಗಾಡಿ ಎಷ್ಟೇ ಕುಲುಕಾಡಲಿ, ಅದೇ ತಾಳಿಕೊಳ್ತದೆ.”

“ಇಷ್ಟೇ ಇಷ್ಟು!”

ಬುದ್ಧಿಯವರು ಅದನ್ನು ಬೆರಳಲ್ಲಿ ಸವರಿದರು.

“ಇಂಥವನೇ ಒಬ್ಬ ಇಪ್ಪತ್ತು ವರ್ಷ ಕಬ್ಬಿಣಕ್ಕೆ ಕಬ್ಬಿಣ ಬಡೀದ ಹಾಗೆ ನಡುವೆ ಕೂತಿದ್ದನಲ್ಲೋ. ನಾನು ಮೇಲೆ ಕೂತು ತಿರುಗಾಡಿದೆ. ಒಂದು ದಿನವೂ ಮುಖ ನೋಡಲಿಲ್ಲ.”

ಮಲಗಿದ್ದ ಹಾಗೇ ಕೈ ಮುಗಿದರು. ಶಿವಮಲ್ಲು ಬೆಕ್ಕಸಬೆರಗಾಗಿ ನೋಡಿದ. ಹತ್ತು ವರ್ಷದಲ್ಲಿ ಅವನು ಸಾವಿರ ಬುಷ್ಷು ಬಿಚ್ಚಿ ಗುಜರಿಗೆ ಎಸೆದಿದ್ದ. ಅವನ ಕೈಗಳೂ ತಾವಾಗೇ ಕೂಡಿದವು. ಆಮೇಲೆ ಒಂದೊಂದೇ ನಟ್ಟು ಬಿಗಿದ.

ಸಂಜೆ ಕಾರು ಅದೇ ಹಳ್ಳಕ್ಕೆ ಇಳಿದು ಹತ್ತಿತು. ಹೊಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಶಿವಮಲ್ಲು ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿದ.

“ನಾಳೆ ಸೋಮವಾರ, ಬುದ್ಧಿ.”

“ಹೌದು.”

“ದೀಕ್ಷೆ...”

“ಎತ್ತಿ ನಿಲ್ಲಿಸಿದ್ದನ್ನ ಬಿಗೀಬಾರದು ಅಂದೆಯಲ್ಲಪ್ಪ. ನೀನಿನ್ನೂ ನೆಲಕ್ಕೂರಿಲ್ಲ.”

ಬುದ್ಧಿಯವರು ಸೊಂಟದಿಂದ ಆ ಹುರಿ ತೆಗೆದು ಅವನ ಕೈಗಿಟ್ಟರು.

“ಇದನ್ನ ಕಟ್ಟಿದೋನಿಗೆ ಕೊಟ್ಟು ಬಾ.”

“ಯಾರು ಬುದ್ಧಿ?”

“ಮೂರು ಬೆರಳಲ್ಲಿ ಗಂಟು ಇಷ್ಟೇ ಬಿಗಿ ಬಂತು, ತಮ್ಮ ಬೇಜಾರು ಮಾಡ್ಕೋಬಾರದು ಅಂತ ಹೇಳಿ ಕಳಿಸಿದ್ದಾನೆ ಕಣಪ್ಪ.”