ಮೇಲಕ್ಕೋ, ಮಂದಿ ಮೇಲಕ್ಕೋ?

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂದರೆ, ನಮ್ಮಜ್ಜನ ಅಜ್ಜನೂ ಇದನ್ನು ಕಿವಿಯಲ್ಲಿ ಕೇಳಿದವನೇ ಹೊರತು ಕಣ್ಣಲ್ಲಿ ಕಂಡವನಲ್ಲ. ಕಳ್ಳಿಗುಡ್ಡ ಅಂತ ಒಂದು ಊರು. ಅಲ್ಲೊಬ್ಬ ಬಾಣದ ದುಗ್ಗಪ್ಪ. ಬಾಣ ಅಂದರೆ ಬಿಲ್ಲಿನದಲ್ಲ ಮತ್ತೆ. ಕೊಳವೆಗೆ ಮದ್ದು ಗಿಡಿದು, ಬಿದಿರಿನ ಬಾಲ ಕಟ್ಟಿ, ಬತ್ತಿಗೆ ಕಿಡಿ ಮುಟ್ಟಿಸಿದರೆ ಸುಯ್ಯೆಂದು ಆಕಾಶಕ್ಕೆ ಹೋಗುವಂಥದ್ದು. ದುಗ್ಗಪ್ಪನ ಬಾಣ ಹದ್ದಿನ ಕಣ್ಣಿಗೂ ಸಿಗುತ್ತಿರಲಿಲ್ಲವಂತೆ. ಒಂದಂತೂ ಚಂದ್ರನಿಗೆ ತಾಗಿಯೇ ಅಲ್ಲಿ ಆ ಕಲೆ ಉಳಿಯಿತು ಅಂತಾರೆ. ಅಂತಾರೆ, ನಾನೇನೂ ಏಣಿ ಹಾಕಿ ನೋಡಿಲ್ಲ.

ದುಗ್ಗಪ್ಪನಿಗೆ ಒಬ್ಬಳೇ ಮಗಳು, ನಿಂಗಕ್ಕ. ಹಳ್ಳದಾಚೆಯ ನೇರಲಕೆರೆಗೆ ಕೊಟ್ಟಿದ್ದ. ಹಳ್ಳದ ಈಚೆಗೊಬ್ಬ ಪಾಳೇಗಾರ, ಆಚೆಗೊಬ್ಬ. ಇಬ್ಬರಿಗೂ ಎಣ್ಣೆ ಸೀಗೇಕಾಯಿ.

ಒಂದು ದಿನ ಕಳ್ಳಿಗುಡ್ಡದ ಪಾಳೇಗಾರ ಬೊಮ್ಮಣ್ಣನಾಯಕ ಡಂಗುರ ಹೊಡೆಸಿದನಂತೆ. ಮಳೆರಾಯನಿಗೆ ನಮ್ಮ ಬಿನ್ನಹ ಮುಟ್ಟಲಿ, ಜನರ ಹೊಟ್ಟೆ ತಣ್ಣಗಿರಲಿ, ಅದಕ್ಕೇ ಬಾಣ ಮೇಲೆ ಕಳಿಸುತ್ತೇವೆ ಅಂತ. ಮದ್ದಿಗೆ ಮನೆಗೊಂದು ಹಿಡಿ ಪೆಟ್ಲುಪ್ಪು ಕೊಡಿ ಅಂದ. ಜನ ಹಳೇ ಗೋಡೆಗೆ ಕಟ್ಟಿದ ಆ ಬಿಳಿ ಉಪ್ಪನ್ನು ಕೆರೆದು ಕೊಟ್ಟರು. ಬಾಣ ಹೋಯಿತು, ಮಳೆ ಬರಲಿಲ್ಲ. ನಾಯಕ ವಿಚಾರಿಸಿದ್ದು ಮಳೆಯನ್ನಲ್ಲ, ನೇರಲಕೆರೆಯವರು ಕಂಡರೋ ಇಲ್ಲವೋ ಅಂತ. ಕಂಡಿದ್ದರು. ಎಂಟೇ ದಿನಕ್ಕೆ ಆಚೆಯಿಂದಲೂ ಒಂದು ಬಾಣ ಎದ್ದಿತು, ಇದಕ್ಕಿಂತ ಒಂದಾಳು ಎತ್ತರಕ್ಕೆ. ಅದೂ ಮಳೆರಾಯನಿಗೇ ಅಂತೆ. ಹೀಗೇ ಹಾರಿಸಿ ಹಾರಿಸಿ ಎರಡೂರಲ್ಲೂ ಕೆರೆಯಲು ಗೋಡೆ ಉಳಿಯಲಿಲ್ಲ. ದುಗ್ಗಪ್ಪನಿಗೆ ಮಾತ್ರ ಖುಷಿಯೇ. ಸುಳ್ಳೇಕೆ ಹೇಳಲಿ, ತನ್ನ ಕೈಕೆಲಸ ಎತ್ತರಕ್ಕೆ ಹೋಗುವುದು ಯಾವ ಕಸುಬುದಾರನಿಗೆ ಬೇಡ?

ಕೊನೆಗೊಮ್ಮೆ ನಾಯಕ ಅವನನ್ನು ಕರೆಸಿ, ನೂರು ಬಾಣ ಮೇಲೆ ಹೋಗಬೇಕು ಅಂದ. ಬಾಣ ನಿಲ್ಲಿಸುವ ಕವಲುಗಂಬವನ್ನು ಒಂದಿಷ್ಟು ಹಳ್ಳದ ಕಡೆ ಬಾಗಿಸು ಅಂತಲೂ ಅಂದ. ಆ ದಿಕ್ಕಿಗೆ ಮೊದಲು ಸಿಗುವುದೇ ನಿಂಗಕ್ಕನ ಹುಲ್ಲಿನ ಮಾಡು. ದುಗ್ಗಪ್ಪ ತಲೆ ತಗ್ಗಿಸಿಯೇ ಕೇಳಿದನಂತೆ:

"ಮೇಲಕ್ಕೋ ದೊರೆ, ಮಂದಿ ಮೇಲಕ್ಕೋ?"

ನಾಯಕ ಮೀಸೆ ತಿರುವುತ್ತಾ ಹಳ್ಳದ ಕಡೆ ನೋಡಿದ. ದುಗ್ಗಪ್ಪನಿಗೆ ತಿಳಿಯಿತು.

ನೂರೂ ಬಾಣ ಕಟ್ಟಿದ. ಕಟ್ಟಿ, ಎಲ್ಲದರ ಬಾಲವನ್ನೂ ಒಂದೊಂದು ಗೇಣು ಮುರಿದ. ಮುರಿಯುವಾಗ ಅತ್ತನಂತೆ. ಬಾಲ ಗಿಡ್ಡವಾದ ಬಾಣಕ್ಕೆ ದಾರಿ ತಿಳಿಯದು, ಇದ್ದಲ್ಲೇ ಬುಗುರಿಯಾಡುತ್ತದೆ. ಮಟಮಟ ಮಧ್ಯಾಹ್ನ ಊರೆಲ್ಲ ನೋಡುತ್ತಿರುವಾಗ ಕಿಡಿ ಮುಟ್ಟಿಸಿದರು. ನೂರೂ ಬಯಲಲ್ಲೇ ಗಿರಗಿರ ಸುತ್ತಿ ನಾಯಕನ ಚಪ್ಪರ ಸುಟ್ಟವು. ಹಳ್ಳ ದಾಟಿದ್ದು ಹೊಗೆ ಮಾತ್ರ.

ಮದ್ದು ಗಿಡಿಯುವ ಬಲಗೈಯನ್ನು ನಾಯಕ ಕಡಿಸಿದನಂತೆ. ನಿಂಗಕ್ಕ ಬಂದು ಅಪ್ಪನನ್ನು ಕರೆದುಕೊಂಡು ಹೋದಳು. ಆಚೆಯ ಪಾಳೇಗಾರ ಶಾಲು ಹೊದಿಸಿ, ಕೈ ಹೋದರೇನು, ಬಾಯಲ್ಲಿ ಹೇಳಿಕೊಡು, ನಮ್ಮ ಬಾಣವೂ ಮೇಲೆ ಹೋಗಬೇಕು ಅಂದ. ದುಗ್ಗಪ್ಪ ಅವನಿಗೂ ಅದನ್ನೇ ಕೇಳಿದ. ಅವನೂ ಮೀಸೆ ತಿರುವುತ್ತಾ ಹಳ್ಳದ ಕಡೆ ನೋಡಿದ. ದುಗ್ಗಪ್ಪ ಶಾಲು ಮಡಿಚಿ ಕೊಟ್ಟು, ಸಾಯುವತನಕ ಮಗಳ ಮನೆಯ ಕುರಿ ಕಾದ.

ಈಗಲೂ ಆ ಎರಡೂರಲ್ಲಿ ಹಬ್ಬಕ್ಕೆ ಬಾಣ ಬಿಡುವವನು ಪಕ್ಕದವನ ಕೈಯಿಂದಲೇ ಕಿಡಿ ಇಸಿದುಕೊಳ್ಳಬೇಕು. ಪಕ್ಕದವ "ಮೇಲಕ್ಕೋ, ಮಂದಿ ಮೇಲಕ್ಕೋ?" ಅನ್ನುತ್ತಾನೆ. "ಬರೀ ಮೇಲಕ್ಕೆ" ಅಂದರೆ ಮಾತ್ರ ಕಿಡಿ. ಈಚೆಗೆ ಸರ್ಕಾರಗಳ ದೊಡ್ಡ ಬಾಣ ಹಾರುವುದನ್ನು ಟೀವಿಯಲ್ಲಿ ತೋರಿಸುತ್ತಾರಲ್ಲ, ಆಗಲೂ ಯಾರಾದರೊಬ್ಬ ಮುದುಕಿ ಮುಂದೆ ಕೂತು ಅದನ್ನೇ ಕೇಳುತ್ತಾಳೆ. ನಮ್ಮದಿರಲಿ, ಪರದೇಶದ್ದಿರಲಿ, ಕೇಳುತ್ತಾಳೆ. ಕೇಳಿ ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯುತ್ತಾಳೆ. ಅಷ್ಟರಲ್ಲಿ ಅದು ಹೋಗಿಬಿಟ್ಟಿರುತ್ತದೆ.